ಬಲಗೈ ಬೌಲರ್

ಅಂದೂ ಬೊನಿಫಾಸ್ ಅರ್ಧ ಊಟಕ್ಕೇ ಎದ್ದರು. ಎದುರಿಗೆ ಮಗ ವಿನ್ಸೆಂಟ್ ಎಡಗೈಯಲ್ಲಿ ಚಮಚ ಹಿಡಿದು, ಒಂದಗುಳೂ ಚೆಲ್ಲದಂತೆ ಮೀನುಸಾರು ಅನ್ನ ಉಣ್ಣುತ್ತಿದ್ದ. ಆಪರೇಷನ್ ಆದ ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ.

"ಇವತ್ತಾದ್ರೂ ಅವನೆದುರು ಕೂತು ಪೂರ್ತಿ ಊಟ ಮಾಡಿ," ಎಂದಳು ಹೆಂಡತಿ ಹೆಲನ್. "ನಾಳೆ ಹೋಗಿಬಿಡ್ತಾನೆ."

"ಹಸಿವಿಲ್ಲ."

ಹೋದ ವರ್ಷ, 1990ರಲ್ಲಿ, ಈ ಬೊನಿಫಾಸ್ ಮೇಷ್ಟ್ರನ್ನು ಹಿಡಿಯುವವರೇ ಇರಲಿಲ್ಲ. ಮಟಾಟು ವ್ಯಾನಿನಲ್ಲಿ ಪಕ್ಕ ಕೂತ ಪ್ರಯಾಣಿಕರಿಗೂ ಮಗನ ವೇಗದ ಬೌಲಿಂಗ್ ವರ್ಣಿಸಿ ತಲೆ ತಿನ್ನುತ್ತಿದ್ದರು. ವಿನ್ಸೆಂಟ್ ಕೀನ್ಯಾ ತಂಡಕ್ಕೆ ಆಡುವುದು ಖಂಡಿತ ಎಂದು ಕ್ರಿಕೆಟ್ ಕ್ಲಬ್ಬಿನವರೆಲ್ಲ ನಂಬಿದ್ದರು. ಆಮೇಲೆ ಒಂದು ಭಾನುವಾರ ಚೆಂಡು ಬಿಡುವಾಗಲೇ ಭುಜ ಕಿತ್ತುಬಂತು.

"ಈ ಕೈ ಇಷ್ಟು ಕೆಲಸಕ್ಕೆ ಹುಟ್ಟಿದ್ದಲ್ಲ," ಎಂದಿದ್ದರು ಡಾಕ್ಟರು. "ಶಕ್ತಿ ಮೀರಿ ದುಡಿದಿದೆ."

ಆ ಮಾತು ಕೇಳಿದ ಮೇಲೆ ಬೊನಿಫಾಸ್ ಕ್ಲಬ್ಬಿನ ಮುಖ ನೋಡಲಿಲ್ಲ. ಗೋಡೆಯ ಮೇಲಿದ್ದ ಮಗನ ಫೋಟೊಗಳನ್ನು ಇಳಿಸಿಟ್ಟರು. ಮಗನಿಂದ ತಲೆ ತಗ್ಗಿಸುವಂತಾಯಿತಲ್ಲ ಎಂದು ಜನ ಆಡಿಕೊಂಡರು. ವಿನ್ಸೆಂಟನೂ ಹಾಗೇ ತಿಳಿದ. ತಂದೆಯ ಕಣ್ಣೆದುರು ಇರಬಾರದೆಂದೇ ಮೊಂಬಾಸಾದಲ್ಲಿ ಸೋದರಮಾವನ ಆಫೀಸಿನ ಕೆಲಸಕ್ಕೆ ಒಪ್ಪಿಕೊಂಡಿದ್ದ.

ಬೊನಿಫಾಸ್ ಕೈ ತೊಳೆದು ವರಾಂಡಕ್ಕೆ ಬಂದರು. ಸ್ಪ್ರಿಂಗ್ ವ್ಯಾಲಿಯ ಆ ಕ್ವಾರ್ಟರ್ಸಿಗೆ ಮಂಗಗಳ ಕಾಟ. ನೋಡನೋಡುತ್ತಲೇ ಒಂದು ಮಂಗ ಅಡುಗೆಮನೆ ಕಿಟಕಿಯಿಂದ ಬ್ರೆಡ್ಡಿನ ಪೊಟ್ಟಣ ಎತ್ತಿಕೊಂಡು ದೂರದ ಗೇಟಿನ ಕಂಬವೇರಿತು.

ವಿನ್ಸೆಂಟ್ ಊಟ ಬಿಟ್ಟು ಓಡಿಬಂದ. ನೆಲಕ್ಕೆ ಬಿದ್ದಿದ್ದ ಬೆಣ್ಣೆಹಣ್ಣಿನ ಕಾಯೊಂದನ್ನು ಎಡಗೈಗೆ ತೆಗೆದುಕೊಂಡ. ನಾಲ್ಕು ಹೆಜ್ಜೆ ಓಡಿ, ತೋಳು ತಿರುಗಿಸಿ ಎಸೆದ. ಕಾಯಿ ಮಂಗದ ಕಾಲ ಬುಡದಲ್ಲೇ ಬಡಿದು ಸಿಡಿಯಿತು. ಮಂಗ ಪೊಟ್ಟಣ ಬಿಟ್ಟು ಓಡಿತು.

ಅವನು ತನ್ನ ಎಡಗೈಯನ್ನೇ ನೋಡಿಕೊಂಡ. "ಸ್ಟ್ರೇಂಜ್. ನೆವರ್ ಟ್ರೈಡ್ ಇಟ್ ಬಿಫೋರ್."

ಬಾಗಿಲಲ್ಲಿ ನಿಂತಿದ್ದ ಹೆಲನ್ ನಗಲಿಲ್ಲ. ಗಂಡನ ಕಡೆ ನೋಡಿದಳು. ಬೊನಿಫಾಸ್ ಒಳಗೆ ಹೊರಟಿದ್ದರು.

"ಮತ್ತೆ ಹೋಗ್ತಿದ್ದೀರಿ," ಎಂದ ವಿನ್ಸೆಂಟ್. "ಯು ಆರ್ ಅಶೇಮ್ಡ್ ಆಫ್ ಮಿ, ಡ್ಯಾಡಿ. ಜಸ್ಟ್ ಸೇ ಇಟ್."

ಬೊನಿಫಾಸ್ ನಿಂತರು. ತಿರುಗಿ ಬಂದು ಮಗನ ಎಡಗೈ ಹಿಡಿದುಕೊಂಡರು.

"ನಾಚಿಕೆ ನಿನ್ನ ಬಗ್ಗೆ ಅಲ್ಲ, ಮಗನೇ. ಎರಡು ವರ್ಷದವನಿದ್ದಾಗ ನೀನು ಅನ್ನಕ್ಕೆ ಈ ಕೈಯನ್ನೇ ಹಾಕ್ತಿದ್ದೆ. ಜನ ನಗ್ತಾರೆ ಅಂತ ದಿನಾ ಊಟದ ಹೊತ್ತಿಗೆ ಇದನ್ನು ಟವೆಲ್ಲಿನಲ್ಲಿ ಕುರ್ಚಿಗೆ ಕಟ್ಟಿ, ನಿನ್ನನ್ನು ಬಲಗೈಯವನನ್ನಾಗಿ ಮಾಡಿದ್ದು ನಾನು."