ಮಗಳ ಪಾಲಿನ ಏಟು

ಎದೆಯಲ್ಲಿ ಗಂಟು ಕಂಡ ದಿನದಿಂದ ರಾಹೇಲಳ ಬಾಯಲ್ಲಿ ಪ್ರಾರ್ಥನೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಇವತ್ತು ರಿಪೋರ್ಟು ಬರುವ ದಿನ. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಕೈ ಹಿಡಿದು ಕೂತಿದ್ದಳು.

“ಹೆದರಬ್ಯಾಡ,” ಎಂದಳು ಅಕ್ಕ. ಗಂಡನನ್ನೂ ಇದ್ದೊಬ್ಬ ಮಗನನ್ನೂ ಮಣ್ಣು ಮಾಡಿ ಬಂದವಳು ಅವಳು. ಆದರೂ ಒಂದು ಭಾನುವಾರ ಚರ್ಚು ತಪ್ಪಿಸಿದವಳಲ್ಲ. “ಅಪ್ಪ ಆದವ ತನ್ನ ಮಕ್ಕಳನ್ನ ಹೊಡದು ತಿದ್ದತಾನ. ಮಂದಿ ಮಕ್ಕಳ ಮ್ಯಾಲ ಕೈ ಎತ್ತತಾನೇನು? ದೇವರೂ ಹಂಗ.”

“ದೊಡ್ಡ ತಪ್ಪು ಮಾಡಿದವರನ್ನೂ ತಿದ್ದತಾನೇನಕ್ಕಾ?”

“ಅವರನ್ನ ಮೊದಲು. ನೀ ಏನು ತಪ್ಪು ಮಾಡೀದಿ, ಹುಚ್ಚಿ?”

ರಾಹೇಲ ತಲೆ ತಗ್ಗಿಸಿದಳು. ಹನ್ನೊಂದು ವರ್ಷದ ಹಿಂದೆ ಅವ್ವ ಮೂರು ದಿನ ಅಕ್ಕನ ಹೆಸರನ್ನೇ ಕನವರಿಸಿ ಪ್ರಾಣ ಬಿಟ್ಟಿದ್ದಳು. ‘ಹೇಳಿ ಕಳಿಸೀನವ್ವಾ, ಆಕಿ ಬರಂಗಿಲ್ಲಂತ’ ಎಂದು ಅವ್ವನ ಕಿವಿಯಲ್ಲಿ ಹೇಳಿದವಳು ಇವಳೇ. ಹೇಳಿ ಕಳಿಸಿರಲೇ ಇಲ್ಲ. ಅದು ಅಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಒಳಗಿನಿಂದ ಕರೆ ಬಂತು. ಡಾಕ್ಟರು ರಿಪೋರ್ಟು ನೋಡಿ ನಕ್ಕರು.

“ಏನೂ ಇಲ್ರೀ. ಬರೀ ಕೊಬ್ಬಿನ ಗಂಟು. ಆರಾಮಾಗಿ ಮನೀಗೆ ಹೋಗ್ರಿ.”

“ದೇವರಿಗೆ ಸ್ತೋತ್ರ!” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಾಹೇಲ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಳು.

“ಇನ್ನೊಮ್ಮೆ ನೋಡ್ರೀ ಡಾಕ್ಟರ, ನಿಮ್ಮ ಕಾಲಿಗೆ ಬೀಳ್ತೀನಿ. ಏನೂ ಇಲ್ಲಂದ್ರ, ದೇವರು ನನ್ನನ್ನ ಮಂದಿ ಮಗಳು ಅಂತ ಬಿಟ್ಟಬಿಟ್ಟಾನ!”