ಕಾಡುಬಾದಾಮಿ ಎಣ್ಣೆ

ಬೆಟ್ಟಮ್ಮ ಬಾಟಲಿಯ ಮೇಲಿನ ಚೀಟಿಗೆ ಉಗುರು ಹಾಕಿದಳು. ಒಳಗೆ ಮಾಯಮ್ಮನ ಮಾತು ಕೇಳುತ್ತಿತ್ತು. ಪಕ್ಕದ ಮನೆಯ ಆಕೆ, ಬೆಟ್ಟಮ್ಮನ ಗಂಡ ಮರಿಯಯ್ಯನ ಕಾಲಿನ ಹುಣ್ಣು ನೋಡಿ ಬರುತ್ತೇನೆಂದು ಎಣ್ಣೆಯ ಎರಡೂ ಬಾಟಲಿಗಳನ್ನು ಜಗಲಿಯ ಮೇಲಿಟ್ಟು ಹೋಗಿದ್ದಳು. ಅವಳು ಹೊರಬರುವುದರೊಳಗೆ ಕೆಲಸ ಮುಗಿಯಬೇಕು.

ತೊಂಬತ್ತೇಳರ ಬೇಸಿಗೆ. ಮೈಸೂರಿನಿಂದ ಬಂದ ಡಾಕ್ಟರು ಚಿನಕುರಳಿಯ ಸಕ್ಕರೆ ಕಾಯಿಲೆಯವರನ್ನು ಸೇರಿಸಿ ಪರೀಕ್ಷೆ ಶುರುಮಾಡಿದ್ದರು. ಅರ್ಧ ಜನಕ್ಕೆ ಕಾಡುಬಾದಾಮಿ ಬೀಜದ ಎಣ್ಣೆ, ಇನ್ನರ್ಧಕ್ಕೆ ಬರೀ ಅಡುಗೆ ಎಣ್ಣೆ. ಯಾರದು ಯಾವುದೆಂದು ಹೇಳುವಂತಿಲ್ಲ. ಬಾಟಲಿ ಒಂದೇ, ಬಣ್ಣ ಒಂದೇ. ಹೆಸರಿನ ಚೀಟಿ ಮಾತ್ರ ಬೇರೆ. ಆದರೆ ಮೊದಲ ತಿಂಗಳ ರಕ್ತಪರೀಕ್ಷೆಯಲ್ಲೇ ಗುಟ್ಟು ರಟ್ಟಾಯಿತು. ಮಾಯಮ್ಮನ ಗಂಡ ಕುಳ್ಳಯ್ಯನ ಸಕ್ಕರೆ ಸರ್ರನೆ ಇಳಿದಿತ್ತು, ರಕ್ತದ ಕೊಬ್ಬೂ ಕರಗಿತ್ತು. ಮರಿಯಯ್ಯನದು ಇದ್ದಲ್ಲೇ ಇತ್ತು. ಸಕ್ಕರೆ ಇಳಿಯದಿದ್ದರೆ ಹುಣ್ಣು ಮಾಯುವುದಿಲ್ಲ, ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿಯಾಗಿತ್ತು.

ಬೆಟ್ಟಮ್ಮನಿಗೆ ಇದು ಸಹಿಸಲಾಗಲಿಲ್ಲ. ಆಲೆಮನೆಗೆ ಹೋದಾಗಲೆಲ್ಲ ಕದ್ದು ಬಿಸಿಬೆಲ್ಲ ನೆಕ್ಕುವ ಕುಳ್ಳಯ್ಯನಿಗೆ ಔಷಧಿಯಂತೆ, ಹಾಸಿಗೆ ಹಿಡಿದ ತನ್ನ ಗಂಡನಿಗೆ ಒಗ್ಗರಣೆ ಎಣ್ಣೆಯಂತೆ. ಇದು ಯಾವ ಸೀಮೆ ನ್ಯಾಯ? ಗಂಡನನ್ನು ಬಿಟ್ಟು ಅವಳು ಕದಲುವಂತಿರಲಿಲ್ಲ. ಪಾಂಡವಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಬ್ಬರ ಬಾಟಲಿಯನ್ನೂ ತರುವವಳು ಮಾಯಮ್ಮನೇ. ಎರಡೂ ಒಟ್ಟಿಗೆ ಕೈಗೆ ಸಿಕ್ಕಿದ್ದು ಇವತ್ತು.

ಚೀಟಿ ಮುಟ್ಟಿದರೆ ಸಾಕು, ಕೈಗೆ ಬಂತು. ಅನ್ನದ ಅಗುಳು ಒತ್ತಿ ಮೆತ್ತಿದ್ದರು, ಇನ್ನೂ ಹಸಿ. ಸರ್ಕಾರದ ಕೆಲಸವೆಂದರೆ ಇಷ್ಟೇ ಎಂದುಕೊಂಡಳು. ಅದೇ ಅಗುಳಿನಿಂದ ಇದರ ಚೀಟಿಯನ್ನು ಅದಕ್ಕೆ, ಅದರದನ್ನು ಇದಕ್ಕೆ ಅಂಟಿಸಿದಳು. ಎರಡನ್ನೂ ಮೊದಲಿದ್ದಲ್ಲೇ ಇಟ್ಟಳು.

ಮಾಯಮ್ಮ ಸೆರಗಿನಿಂದ ಕಣ್ಣೊರೆಸುತ್ತ ಬಂದಳು. ಹೆಸರು ಓದಿ, ಮರಿಯಯ್ಯನ ಬಾಟಲಿಯನ್ನು ಬೆಟ್ಟಮ್ಮನ ಕೈಗಿಟ್ಟಳು.

"ಒಂದೊತ್ತೂ ತಪ್ಪುಸ್ಬ್ಯಾಡ ಕನಕ್ಕ. ಈ ಸಲ ಬಾವನ ಕಾಲು ಮಾಯ್ತದೆ."

"ಎಲ್ಲಾ ದ್ಯಾವ್ರು ಮಾಡ್ದಂಗೆ ಕನವ್ವ" ಎಂದ ಬೆಟ್ಟಮ್ಮ ಅವಳ ಮುಖ ನೋಡಲಿಲ್ಲ.

ಅಂದಿನಿಂದ ಎಣ್ಣೆ ಒಂದು ಹೊತ್ತೂ ತಪ್ಪಲಿಲ್ಲ. ಆದರೂ ಹುಣ್ಣು ಕಪ್ಪಿಟ್ಟಿತು, ಮೇಲಕ್ಕೇರಿತು. ಅತ್ತ ಕುಳ್ಳಯ್ಯ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ. ಕದ್ದ ಔಷಧಿ ಮೈಗೆ ಹತ್ತುವುದಿಲ್ಲವೇನೋ ಎಂದು ಬೆಟ್ಟಮ್ಮ ಒಳಗೊಳಗೇ ಬೆಂದಳು. ಆ ಬಾಟಲಿ ಮುಗಿಯುವ ಮೊದಲೇ ಆಸ್ಪತ್ರೆಯಲ್ಲಿ ಮರಿಯಯ್ಯನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ನೋಡಲು ಬಂದ ಮಾಯಮ್ಮ ಮಂಚದ ಪಕ್ಕದಲ್ಲೇ ಕುಸಿದು ಕುಳಿತಳು. ಎಲ್ಲ ಹೇಳಿ ಹಗುರಾಗೋಣವೆಂದು ಬೆಟ್ಟಮ್ಮ ಬಾಯಿ ತೆರೆಯುವಷ್ಟರಲ್ಲಿ, ಆಕೆಯೇ ಅವಳ ಕೈ ಹಿಡಿದುಕೊಂಡಳು.

"ಯಾರ್ಗೂ ಏಳ್ಬ್ಯಾಡ ಕನಕ್ಕ. ಬಾವನ ಕಾಲು ಉಳ್ಕಳ್ಳಿ ಅಂತ, ಅವತ್ತು ನಿಮ್ಮನೆಗೆ ಬರೋಕ್ ಮುಂಚೆ ನಾನೇ ಚೀಟಿ ಬದ್ಲಾಯ್ಸಿ, ನಮ್ಮೋರ ಎಣ್ಣೇನ ನಿಂಗೆ ತಂದ್ಕೊಟ್ಬುಟ್ಟಿದ್ದೆ."