ವಾಲುವ ಮುಳ್ಳು

"ತಿರ್ಗಾ ತಿಪ್ಪೆ ಕಡೀಕೇ ಹೋದ್ರಲ್ರೀ! ತೆಂಗಿನ ಮರ ಬಲಕ್ಕೈತೆ. ಸಾಕು, ಬಂದು ಕೂತ್ಕಳಿ," ಎಂದರು ರಾಮಲಕ್ಷ್ಮಮ್ಮ. ಲಕ್ವ ಹೊಡೆದಾಗಿನಿಂದ ಶಿವಣ್ಣನವರು ನೆಟ್ಟಗೆ ನಡೆಯುತ್ತಿದ್ದೇನೆ ಅಂದುಕೊಂಡೇ ಎಡಕ್ಕೆ ವಾಲುತ್ತಿದ್ದರು. ಹಿತ್ತಲ ತುದಿಯ ಆ ಮರವನ್ನು ತಾವಾಗಿ ಹೋಗಿ ಮುಟ್ಟುವ ತನಕ ತೋಟಕ್ಕೆ ಒಬ್ಬರೇ ಹೋಗಕೂಡದು ಅಂತ ಹೆಂಡತಿಯ ಕಟ್ಟಪ್ಪಣೆ.

ಹಡಗು ನಡೆಸುವ ಓದಿಗೆ ಸೇರಿದ್ದ ಮೊಮ್ಮಗಳು ಚೈತ್ರ ತಾತನನ್ನು ಕರೆತಂದು ಕೂರಿಸಿ, ಮೊಬೈಲಿನಲ್ಲಿ ಒಂದು ಹಳೆಯ ಸಮುದ್ರ ನಕ್ಷೆ ತೋರಿಸಿದಳು. "ಈ ಗೆರೆಗಳು ನೋಡು ತಾತ. ದಿಕ್ಸೂಚಿ ಮುಳ್ಳೂ ನೆಟ್ಟಗೆ ಉತ್ತರ ತೋರ್ಸಲ್ಲ. ಎಲ್ಲೆಲ್ಲಿ ಎಷ್ಟು ವಾಲುತ್ತೆ ಅಂತ ಆಗಿನೋರು ಅಳೆದು ಬರ್ದಿಟ್ಟವ್ರೆ."

"ಅಂಗಾರೆ ಆ ಮುಳ್ಳು ಕಿತ್ತು ಬಿಸಾಕ್ಲಿಲ್ವಾ?"

"ಯಾಕ್ ಬಿಸಾಕ್ತಾರೆ? ಅದು ವಾಲೋದನ್ನ ಲೆಕ್ಕಕ್ಕೆ ತಗಂಡು ಹಡಗು ತಿರುಗಿಸ್ಕೊತಿದ್ರು."

ಶಿವಣ್ಣ ತಿಪ್ಪೆಯನ್ನು ನೋಡಿದರು, ಮರವನ್ನು ನೋಡಿದರು. ಆಮೇಲೆ ಎದ್ದು, ಮರದ ಬಲಕ್ಕಿದ್ದ ಹುಲ್ಲಿನ ಬಣವೆಯ ಮೇಲೆ ಕಣ್ಣು ನೆಟ್ಟು ಹೊರಟರು.

"ಅಯ್ಯೋ, ಈಗ ಬಣವೆ ಕಡೀಕೆ ಹೊಂಟವ್ರಲ್ಲೇ!" ರಾಮಲಕ್ಷ್ಮಮ್ಮ ಎದ್ದರು.

"ಸುಮ್ನಿರಜ್ಜಿ," ಚೈತ್ರ ಸೆರಗು ಹಿಡಿದಳು.

ನಡು ಹಿತ್ತಲಿನಲ್ಲಿ ಕಾಲು ಎಂದಿನಂತೆ ಎಡಕ್ಕೆ ಎಳೆಯಿತು. ಶಿವಣ್ಣ ತಡೆಯಲಿಲ್ಲ, ಕಣ್ಣು ಮಾತ್ರ ಬಣವೆಯ ಮೇಲೇ ಇತ್ತು. ಚಾಚಿದ ಅಂಗೈ ಹೋಗಿ ತೆಂಗಿನ ಮರದ ಒರಟು ಮೈಗೆ ತಾಗಿತು.